ಇಂಗ್ಲಿಷನ್ನು ಹಸನು ಮಾಡುವ ಕೆಲಸ

ನಾನು ದಿನಾ ಹುಮನಾಬಾದಿಗೆ ಹೋಗಿ ಏನು ಮಾಡುತ್ತೇನೆ ಎಂಬುದು ನಮ್ಮ ಅತ್ತೆಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಹೇಳುತ್ತಿದ್ದರು: “ನಮ್ಮ ಸೊಸಿ ಇಂಗ್ಲೀಷ್ ಹಸನ ಮಾಡ್ತಾಳ. ಮನ್ಯಾಗ ತೊಗರಿಬ್ಯಾಳಿ ಹಸನ ಮಾಡಂದ್ರ ಸೊಂಟ ನೋಯ್ತದ ಅಂತಾಳ, ಇಂಗ್ಲೀಷ್ ಅಂದ್ರ ಮುಂಜಾನೆದ್ದು ಬಸ್ ಹಿಡೀತಾಳ.” ನಿವೃತ್ತಿಯಾಗಿ ಮನೆಯಲ್ಲಿ ಕುಳಿತ ಮೇಲೆ ಅನ್ನಿಸುತ್ತದೆ, ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ನಮ್ಮ ಮಾಲೀಕರೂ ಯಾವತ್ತೂ ವಿವರಿಸಿರಲಿಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಫೋನ್ ಮಾಡಿ, “ಮೇಡಂ, ನಿಮ್ಮ ಅನುಭವ ಹೇಳ್ರಿ” ಎನ್ನುತ್ತಾರೆ. ಅನುಭವ ಎಂದರೆ ಅವರ ಲೆಕ್ಕದಲ್ಲಿ ಬಡ್ತಿ, ಪ್ರಮಾಣಪತ್ರ, ಗೋಡೆಗೆ ಹಾಕುವ ಫೋಟೋ. ನನಗೆ ಸಿಕ್ಕ ದೊಡ್ಡ ಬಡ್ತಿ ಎಂದರೆ ಕಿಟಕಿ ಪಕ್ಕದ ಕುರ್ಚಿ. ನಮ್ಮ ಆಫೀಸು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿತ್ತು. ಆ ಕಿಟಕಿ ತೆರೆದರೆ ಯೂರಿಯಾ ವಾಸನೆ, ಮುಚ್ಚಿದರೆ ಸೆಕೆ. ಹಾಗಾಗಿ ಬಡ್ತಿಯ ವಿಷಯ ಬಿಟ್ಟು, ನಾವು ಮಾಡಿದ ಎಡವಟ್ಟುಗಳನ್ನು ಬರೆಯುತ್ತೇನೆ. ಕಲಿಯಲು ಅವೇ ಹೆಚ್ಚು ಉಪಯೋಗ.

ಕೆಲಸ ಇಷ್ಟು. ಯಾವುದೋ ಕಂಪನಿಗೆ ಜನ ದೂರು ಬರೆದಿರುತ್ತಾರೆ, ಇಲ್ಲವೇ ಯಾವುದೋ ಸಂಸ್ಥೆ ಜನರ ಅಭಿಪ್ರಾಯ ಕೇಳಿರುತ್ತದೆ. ಎಲ್ಲ ಇಂಗ್ಲಿಷಿನಲ್ಲಿ. ಅಷ್ಟನ್ನೂ ಕುಳಿತು ಓದುವ ವ್ಯವಧಾನ ಯಾರಿಗೂ ಇಲ್ಲ. ಅದಕ್ಕೇ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಯಾವ ಶಬ್ದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ಹೆಚ್ಚು ಸಲ ಬಂದದ್ದೇ ಜನರ ಮನಸ್ಸಿನಲ್ಲಿರುವುದು ಎಂಬ ಲೆಕ್ಕ. ಆದರೆ ಇದ್ದದ್ದನ್ನು ಇದ್ದ ಹಾಗೆ ಎಣಿಸಿದರೆ ಪ್ರತಿ ಸಲವೂ ‘ದಿ’ ಮೊದಲು ಬರುತ್ತದೆ, ಅದರ ಬೆನ್ನಿಗೇ ‘ಆಫ್’, ‘ಆ್ಯಂಡ್’, ‘ಈಸ್’, ‘ಟು’. ಜನರ ಮುಖ್ಯ ಚಿಂತೆ ‘ದಿ’ ಎಂದು ವರದಿ ಬರೆದರೆ ಯಾರು ದುಡ್ಡು ಕೊಡುತ್ತಾರೆ? ಆದ್ದರಿಂದ ಎಣಿಸುವ ಮೊದಲು ಇಂಥ ಶಬ್ದಗಳನ್ನು ಆರಿಸಿ ಹೊರಗೆ ಹಾಕಬೇಕು. ಇವಕ್ಕೆ ಸ್ಟಾಪ್ ವರ್ಡ್ ಎಂದು ಹೆಸರು. ‘ನಾಟ್’ ತೆಗೆದರೆ ಅರ್ಥ ಹೇಗೆ ತಿರುಗಿ ಬೀಳುತ್ತದೆ ಎಂಬುದನ್ನು ನಿಮಗೆ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ, ಅದನ್ನು ಮತ್ತೆ ನಾನು ಹೇಳುವುದಿಲ್ಲ.

ನಮ್ಮ ಮಾಲೀಕರು ವಿಠ್ಠಲರಾವ್ ಸರ್. ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು. ಕಾಲ ಬದಲಾದಾಗ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಕಂಪ್ಯೂಟರ್ ತಂದು, ಪುಣೆಯ ಒಂದು ಕಂಪನಿಯಿಂದ ಈ ಕೆಲಸ ಹಿಡಿದರು. ಮನುಷ್ಯ ಒಳ್ಳೆಯವರು, ಆದರೆ ಕೆಲಸದ ಹೊತ್ತಿನಲ್ಲಿ ಯಾರಾದರೂ ಜನರ ಕಾಗದ ಓದುತ್ತ ಕುಳಿತದ್ದು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. “ಮಹಾನಂದಾಬಾಯಿ, ಓದಾಕತ್ತೀರೇನು? ಓದಾಕ ಕುಂತ್ರ ಕೆಲಸ ಮುಗೀತದೇನ್ರಿ? ಓದಬ್ಯಾಡ್ರಿ, ಎಣಸ್ರಿ.” ದಿನಕ್ಕೆ ಒಂದು ಸಲವಾದರೂ ಇದು ಕಿವಿಗೆ ಬೀಳದಿದ್ದರೆ ನಮಗೆ ಆಫೀಸಿಗೆ ಬಂದಂತೆಯೇ ಅನ್ನಿಸುತ್ತಿರಲಿಲ್ಲ.

ಮೊದಮೊದಲು ಹಸನು ಮಾಡುವುದು ಕೈಕೆಲಸವೇ ಆಗಿತ್ತು. ಒಂದೊಂದೇ ಶಬ್ದ ಕೊಟ್ಟು, ಇದನ್ನು ಹುಡುಕಿ ಅಳಿಸು ಎಂದು ಕಂಪ್ಯೂಟರಿಗೆ ಹೇಳಬೇಕು. ಒಂದು ದಿನ ಸರ್ ನಮ್ಮ ನಿಧಾನ ನೋಡಿ ಬೇಸತ್ತು, “ಸರೀರಿ, ನಾ ತೋರಸ್ತೀನಿ” ಎಂದು ತಾವೇ ಕುಳಿತರು. ಇಂಗ್ಲಿಷಿನಲ್ಲಿ ‘ಎ’ ಎಂಬ ಒಂದೇ ಅಕ್ಷರದ ಶಬ್ದವಿದೆಯಲ್ಲ, ಅದನ್ನು ಅಳಿಸಲು ಹೇಳಿದರು. ಹಿಂದೆ ಮುಂದೆ ಖಾಲಿ ಜಾಗ ಬಿಡುವುದನ್ನು ಮರೆತರು. ಕಂಪ್ಯೂಟರ್ ಹೇಳಿದಷ್ಟು ಮಾಡುವ ಪ್ರಾಣಿ. ಇಡೀ ಕಡತದಲ್ಲಿ ಎಲ್ಲೆಲ್ಲಿ ‘ಎ’ ಅಕ್ಷರ ಇತ್ತೋ ಅಲ್ಲೆಲ್ಲ ಗುಡಿಸಿ ಹಾಕಿತು. ಬಸವಕಲ್ಯಾಣ ‘ಬ್ಸ್‌ವ್ಕ್‌ಲ್ಯ್ನ್’ ಆಯಿತು. ಹುಮನಾಬಾದ್ ‘ಹುಮ್ನ್‌ಬ್ಡ್’ ಆಯಿತು. ಸರ್ ಅದನ್ನು ಗಟ್ಟಿಯಾಗಿ ಓದಲು ಹೋಗಿ ಅವರ ಹಲ್ಲಿನ ಸೆಟ್ಟು ಜಾರಿತು. ಸೆಟ್ಟು ಸರಿಮಾಡಿಕೊಂಡು, “ನಮ್ಮೂರಿಗೆ ದಮ್ಮ ಹತ್ತೇದೇನು?” ಎಂದರು. ಆಮೇಲೆ ಒಂದು ವಾರ ಅವರು ಯಾರಿಗೂ ಏನೂ ತೋರಿಸಲು ಬರಲಿಲ್ಲ.

ನನ್ನ ಜೊತೆ ಬಸವಕಲ್ಯಾಣದಿಂದ ಅದೇ ಬಸ್ಸಿಗೆ ಬರುತ್ತಿದ್ದವಳು ಶಾಹೇದಾ. ನನಗಿಂತ ಚಿಕ್ಕವಳು, ಆದರೂ ಆಫೀಸಿನಲ್ಲಿ ಎಲ್ಲರಿಗೂ ಅವಳು ಶಾಹೇದಾ ಆಪಾ, ಅಂದರೆ ಶಾಹೇದಾ ಅಕ್ಕ. ಗಂಡನಿಗೆ ಊರಲ್ಲಿ ಟೈರ್ ಪಂಕ್ಚರ್ ಅಂಗಡಿ. ಮಾತು ಕಡಿಮೆ. ಆಡಿದರೆ ಎದುರಿಗಿದ್ದವರು ಮನೆಗೆ ಹೋಗಿ ಯೋಚಿಸಬೇಕು, ಅಂಥ ಮಾತು.

ಒಮ್ಮೆ ಪಂಪ್‌ಸೆಟ್ ಮಾರುವ ಒಂದು ಕಂಪನಿಯ ದೂರುಗಳು ಬಂದವು. ನಮ್ಮ ಹತ್ತಿರ ಆಗ ಎಲ್ಲರೂ ಬಳಸುವ ಪರದೇಶದ ಸ್ಟಾಪ್ ವರ್ಡ್ ಪಟ್ಟಿ ಇತ್ತು. ಅದರ ಪ್ರಕಾರ ಹಸನು ಮಾಡಿ ಎಣಿಸಿದರೆ ಎಲ್ಲಕ್ಕಿಂತ ಮೇಲೆ ಬಂದ ಶಬ್ದ ‘ಸರ್’. ಎರಡನೆಯದು ‘ರೆಸ್ಪೆಕ್ಟೆಡ್’. ಆಮೇಲೆ ‘ಕೈಂಡ್ಲಿ’, ‘ರಿಕ್ವೆಸ್ಟ್’, ‘ನೀಡ್‌ಫುಲ್’. ಪಂಪು ಎಲ್ಲೋ ಕೆಳಗೆ ನೀರಿಲ್ಲದ ಬಾವಿಯಲ್ಲಿ ಬಿದ್ದಿತ್ತು. ಪುಣೆಯವರು ಫೋನ್ ಮಾಡಿ, ಇವರು ದೂರು ಕೊಟ್ಟಿದ್ದಾರೋ ಸನ್ಮಾನಪತ್ರ ಬರೆದಿದ್ದಾರೋ ಎಂದು ಕೇಳಿದರು.

ಶಾಹೇದಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, “ಅಕ್ಕಾ, ಈ ಪಟ್ಟಿ ಮಾಡ್ದೋರಿಗಿ ಏನ್ ಗೊತ್ರಿ, ನಾವು ಸಲಾಂ ಹೇಳ್ದೆ ದೂರು ಹೇಳಂಗಿಲ್ಲಂತ” ಎಂದಳು.

ಅಂದಿನಿಂದ ನಮ್ಮದೇ ಒಂದು ಊರ ಪಟ್ಟಿ ಶುರುವಾಯಿತು. ಯಾವ ಶಬ್ದ ಸೇರಿಸಬೇಕು ಎಂದು ಚಹಾದ ಹೊತ್ತಿಗೆ ಪಂಚಾಯಿತಿ. ‘ಅಡ್ಜಸ್ಟ್’ ಶಬ್ದದ ಮೇಲೆ ನಡೆದ ಜಗಳ ಮರೆಯುವಂಥದ್ದಲ್ಲ. ನಮ್ಮ ಕಡೆ ಅಡ್ಜಸ್ಟ್ ಇಲ್ಲದೆ ಬಸ್ಸಿನಲ್ಲಿ ಸೀಟೂ ಸಿಗುವುದಿಲ್ಲ, ಅದನ್ನು ತೆಗೆಯಲೇಬೇಕು ಎಂದು ನಾನು. ಪಂಪಿನ ವಾಲ್ವನ್ನೂ ಜನ ಅಡ್ಜಸ್ಟ್ ಮಾಡುತ್ತಾರೆ, ತೆಗೆದರೆ ಕೆಟ್ಟಿತು ಎಂದು ಸರ್. ಚಹಾ ಆರಿ ತಣ್ಣಗಾಗುತ್ತಿತ್ತು, ತೀರ್ಮಾನ ಮಾತ್ರ ಆಗುತ್ತಿರಲಿಲ್ಲ.

ಈ ಜಗಳಕ್ಕೆ ಬೇಸತ್ತು ಸರ್ ಪುಣೆಯಿಂದ ಒಂದು ಹೊಸ ಪದ್ಧತಿ ತಂದರು. ಬಂದ ಕಾಗದಗಳಲ್ಲಿ ಬಹುಪಾಲು ಎಲ್ಲದರಲ್ಲೂ ಒಂದು ಶಬ್ದ ಇದೆ ಎಂದರೆ, ಅದು ಯಾವುದೇ ಇರಲಿ, ಕಂಪ್ಯೂಟರ್ ತಾನೇ ಅದನ್ನು ಸ್ಟಾಪ್ ವರ್ಡ್ ಎಂದು ತಿಳಿದು ತೆಗೆದುಬಿಡುತ್ತದೆ. ನಾವು ಚರ್ಚೆ ಮಾಡುವ ಹಾಗಿಲ್ಲ. ಇದರಲ್ಲಿ ನ್ಯಾಯವೂ ಇತ್ತೆನ್ನಿ. ಪಂಪಿನ ಕಂಪನಿಗೆ ಬಂದ ದೂರಿನಲ್ಲಿ ಪಂಪ್ ಎಂಬ ಶಬ್ದ ಇದೆ ಎಂದು ನಾವು ಹೇಳಬೇಕೇ? ಎಲ್ಲರೂ ಹೇಳುವ ಶಬ್ದದಿಂದ ಹೊಸದೇನೂ ತಿಳಿಯುವುದಿಲ್ಲ ಎಂಬುದು ಪುಣೆಯವರ ವಾದ. ನಮಗೂ ಒಪ್ಪಿಗೆಯಾಯಿತು. ಕೆಲಸ ಬೇಗ ಮುಗಿಯಿತು, ಚಹಾ ಬಿಸಿ ಇರುವಾಗಲೇ ಕುಡಿಯುವಂತಾಯಿತು.

ಹೀಗಿರುವಾಗ ಆ ಹಾಸ್ಟೆಲಿನ ಕೆಲಸ ಬಂತು. ಒಂದು ಖಾಸಗಿ ಸಂಸ್ಥೆ, ಹೆಸರು ಬೇಡ. ಅವರ ಕಚೇರಿ ಬಸವಕಲ್ಯಾಣದಲ್ಲಿ, ಅವರು ನಡೆಸುವ ಹುಡುಗಿಯರ ಹಾಸ್ಟೆಲು ದೂರದ ಊರಲ್ಲಿ. ಆ ವರ್ಷ ಹಾಸ್ಟೆಲಿಗೆ ಏನಾದರೂ ಒಂದು ಮಾಡಿಸಿಕೊಡೋಣ ಎಂದು ಮನಸ್ಸು ಮಾಡಿ, ನಿಮಗೆ ಏನು ಬೇಕು ಬರೆಯಿರಿ, ಇಂಗ್ಲಿಷ್ ಅಭ್ಯಾಸವೂ ಆಗಲಿ ಎಂದು ಹುಡುಗಿಯರಿಂದ ಒಂದೊಂದು ಹಾಳೆ ಬರೆಸಿದ್ದರು. ಅದೇ ಹಾಸ್ಟೆಲಿನಲ್ಲಿ ಶಾಹೇದಾಳ ಮಗಳು ರುಖ್ಸಾರ್ ಇದ್ದಳು. ಈ ಸಂಗತಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಅಲ್ಲಿ ಏನು ಬೇಕಿತ್ತು ಎಂಬುದೂ ನನಗೆ ಗೊತ್ತಿತ್ತು. ಬಚ್ಚಲುಮನೆಗಳ ಬಾಗಿಲುಗಳು ನೀರು ಕುಡಿದು ಕುಡಿದು ಬುಡದಿಂದ ಕೊಳೆತು ಕಳಚಿ ಬಿದ್ದಿದ್ದವು. ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಹೊರಗೆ ನಿಂತು ಆ ಕಳಚಿದ ಬಾಗಿಲನ್ನು ಎತ್ತಿ ಹಿಡಿದುಕೊಳ್ಳಬೇಕು. ಆಮೇಲೆ ಇವಳು ಒಳಗೆ, ಅವಳು ಹೊರಗೆ. ವಾರ್ಡನ್ ಕೇಳಿದರೆ, ಮೇಲಕ್ಕೆ ಬರೆದಿದ್ದೇನೆ ಎನ್ನುತ್ತಿದ್ದರಂತೆ. ರುಖ್ಸಾರಳ ಅಪ್ಪ ಹಠ ಹಿಡಿದಿದ್ದ. “ಹಬ್ಬದ ತನಕ ನೋಡ್ತೀನಿ. ಬಾಗಿಲಾ ಆಗಲಿಲ್ಲಂದ್ರ ಹೋಗಿ ಪೋರಿನ ಕರ್ಕೊಂಡ ಬರ್ತೀನಿ. ಅಂಥ ಓದು ನಮಗ ಬ್ಯಾಡ.” ಅವಳು ಓದುತ್ತಿದ್ದ ಕೋರ್ಸು ನಮ್ಮ ಕಡೆ ಎಲ್ಲೂ ಇರಲಿಲ್ಲ. ಮನೆಗೆ ಬಂದರೆ ಓದು ಅಲ್ಲಿಗೇ ಮುಗಿದಂತೆ.

ಅದಕ್ಕೇ ಆ ಕಟ್ಟು ಆಫೀಸಿಗೆ ಬಂದ ದಿನ ಶಾಹೇದಾಳ ಮುಖದಲ್ಲಿ ಬೆಳಕು ಬಂದಿತ್ತು. ಮಗಳ ಹಾಸ್ಟೆಲಿನ ಕೆಲಸ ತಾನು ಮುಟ್ಟಬಾರದು ಎಂದು ಅದನ್ನು ನನ್ನ ಕಡೆ ಸರಿಸಿದಳು. “ನಾ ಒಂದು ಹಾಳಿನೂ ನೋಡಂಗಿಲ್ಲ ಅಕ್ಕಾ. ನೋಡೋದೇನ್ ಅದ? ಎಲ್ಲಾರೂ ಅದನ್ನ ಬರದಿರ್ತಾರ. ಮ್ಯಾಲೇ ಬರ್ತದ, ನೋಡ್ರಿ.”

ನಾನು ಟೈಪು ಮಾಡಿಬಂದ ಕಡತವನ್ನು ಯಂತ್ರಕ್ಕೆ ಕೊಟ್ಟೆ, ಪದ್ಧತಿಯಂತೆ ಹಸನಾಯಿತು, ಎಣಿಕೆ ಬಂತು. ಎಲ್ಲಕ್ಕಿಂತ ಮೇಲೆ ‘ಫ್ರೆಂಡ್’. ಅದರ ಕೆಳಗೆ ‘ಹೋಲ್ಡ್’, ‘ಮಾರ್ನಿಂಗ್’, ‘ಟರ್ನ್’, ‘ವೇಟ್’. ಸರ್ ಅದನ್ನು ನೋಡಿ ಕರಗಿಹೋದರು. ಹುಡುಗಿಯರ ನಡುವೆ ಅಪರೂಪದ ಸ್ನೇಹವಿದೆ, ಮುಂಜಾನೆ ಒಬ್ಬರಿಗಾಗಿ ಒಬ್ಬರು ಕಾಯುತ್ತಾರೆ, ಕೈ ಹಿಡಿದು ನಡೆಯುತ್ತಾರೆ, ಇವರಿಗೆ ಕೂಡಿ ಕುಳಿತುಕೊಳ್ಳಲು ಒಂದು ಸಭಾಂಗಣ ಕಟ್ಟಿಸಿದರೆ ಒಳ್ಳೆಯದು ಎಂದು ವರದಿ ಬರೆದರು. ಸಂಸ್ಥೆಯ ಕಾರ್ಯದರ್ಶಿಗಳು ಅದನ್ನೋದಿ ಕಣ್ಣೀರು ಹಾಕಿದರಂತೆ. ಕಟ್ಟಡಕ್ಕೆ ‘ಸ್ನೇಹ ಭವನ’ ಎಂದು ಹೆಸರಿಟ್ಟು ಭೂಮಿಪೂಜೆಯ ದಿನವನ್ನೂ ಗೊತ್ತುಮಾಡಿದರು.

ಆ ಸುದ್ದಿ ಬಂದ ದಿನ ಶಾಹೇದಾ ಊಟದ ಡಬ್ಬಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ, “ಇಷ್ಟು ಪೋರಿಯರದಾಗ ಒಬ್ಬಾಕಿಗೂ ಬರಿಯೋ ಧೈರ್ಯ ಆಗಲಿಲ್ಲೇನು ಅಕ್ಕಾ?” ಎಂದಳು. ಮನೆಗೆ ಹೋಗಿ ಮಗಳಿಗೆ ಫೋನಿನಲ್ಲಿ ಚೆನ್ನಾಗಿ ಬೈದಳಂತೆ, ಕೇಳಿದಾಗ ಬಾಗಿಲು ಬಿಟ್ಟು ಗೆಳತಿಯರ ಪುರಾಣ ಬರೆದಿರಾ ಎಂದು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದಳು. “ಅಕ್ಕಾ, ರುಖ್ಸಾರ್ ಅಂತಾಳ, ‘ಅಮ್ಮಿ, ಸಬ್ಬೀಚ್ ಲಿಖೇ.’ ಎಲ್ಲಾರೂ ಬರದಾರಂತ. ಬಾಗಿಲಾ ಅಂತ ಬರೀಲಾರ್ದಾಕಿ ಒಬ್ಬಾಕೀನೂ ಇಲ್ಲಂತ.”

ಎಲ್ಲರೂ ಬರೆದಿದ್ದಾರೆ ಎಂಬ ಮಾತು ಕೇಳಿದ ಕೂಡಲೇ ನನಗೆ ತಿಳಿದುಹೋಯಿತು. ಎಲ್ಲರ ಹಾಳೆಯಲ್ಲೂ ಇದ್ದದ್ದರಿಂದಲೇ ಕಂಪ್ಯೂಟರ್ ‘ಡೋರ್’ ಶಬ್ದವನ್ನು ‘ದಿ’, ‘ಆಫ್’ಗಳ ಜೊತೆ ಹೊರಗೆ ಹಾಕಿತ್ತು. ‘ಬಾತ್‌ರೂಮ್’ ಕೂಡ ಅದರ ಹಿಂದೆಯೇ ಹೋಗಿತ್ತು. ಶಾಹೇದಾಳಿಗೆ ಬಿಡಿಸಿ ಹೇಳಿದೆ. “ಅಂದ್ರ, ಕೆಲವು ಪೋರಿಯರು ಸುಮ್ಮ ಇದ್ದಿದ್ರ ಬಾಗಿಲಾ ಮ್ಯಾಲ ಬರ್ತಿತ್ತು?”

“ಬರ್ತಿತ್ತು” ಎಂದೆ. ಬಸ್ಸು ಬಂತು, ಹತ್ತಿದೆವು.

ಆಫೀಸಿಗೆ ಹೋಗಿ ಮೊದಲ ಬಾರಿಗೆ ಹಾಳೆಗಳನ್ನು ಓದಿದೆ. ನನ್ನ ಗೆಳತಿ ಬಾಗಿಲು ಹಿಡಿಯುತ್ತಾಳೆ, ಆಮೇಲೆ ನನ್ನ ಪಾಳಿ, ನಾನು ಹಿಡಿಯುತ್ತೇನೆ, ಮುಂಜಾನೆ ಕಾಯಬೇಕು. ತಪ್ಪು ಇಂಗ್ಲಿಷ್, ಒಳ್ಳೆಯ ಇಂಗ್ಲಿಷ್, ಬಾಗಿಲು ಮಾತ್ರ ಎಲ್ಲದರಲ್ಲೂ ಇತ್ತು; ಗೆಳತಿ, ಪಾಳಿಯ ಮಾತು ಅರ್ಧದಷ್ಟು ಹಾಳೆಗಳಲ್ಲಿತ್ತು, ಅದಕ್ಕೇ ಯಂತ್ರ ಅವನ್ನು ಉಳಿಸಿತ್ತು. ಬಾಗಿಲನ್ನು ತೆಗೆದುಬಿಟ್ಟರೆ ಉಳಿಯುವುದು ಗೆಳತಿ, ಹಿಡಿಯುವುದು, ಪಾಳಿ, ಮುಂಜಾನೆ. ಸರ್ ಕಂಡ ಸ್ನೇಹ ಇದೇ.

ಇಬ್ಬರೂ ಸರ್ ಮುಂದೆ ನಿಂತೆವು. ತನ್ನ ಮಗಳು ಅಲ್ಲೇ ಇದ್ದಾಳೆ ಎಂಬುದನ್ನೂ ಶಾಹೇದಾ ಮುಚ್ಚಿಡದೆ ಹೇಳಿದಳು. ಅವರು ಕೇಳಿದರು, ಒಪ್ಪಲಿಲ್ಲ. “ವರದಿ ಹೋಗ್ಯಾದ. ಭೂಮಿಪೂಜಾದ ದಿನಾನೂ ಗೊತ್ತಾಗ್ಯಾದ. ಪದ್ಧತಿ ಪುಣೆದವರದು, ನಮ್ಮದಲ್ಲ. ಈಗ ವಾಪಸ್ ತಗೊಂಡ್ರ ಆಫೀಸಿನ ಮರ್ಯಾದಿ ಏನಾಗ್ತದ್ರಿ ಬಾಯಿ? ಮುಂದಿನ ವರ್ಷ ನೋಡೂಣು.”

“ಆಯ್ತ್ರಿ ಸರ್” ಎಂದು ಶಾಹೇದಾ ತನ್ನ ಕುರ್ಚಿಗೆ ಹೋದಳು. ಅವಳು ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಆಫೀಸಿಗೆ ಇದ್ದದ್ದು ಒಂದೇ ಬಚ್ಚಲು, ಮೆಟ್ಟಿಲ ಪಕ್ಕದಲ್ಲಿ. ಸರ್‌ಗೆ ಸಕ್ಕರೆ ಕಾಯಿಲೆ, ಮೇಲಾಗಿ ಚಹಾ ಹೆಚ್ಚು. ಮರುದಿನ ಮುಂಜಾನೆ ಅತ್ತ ಹೋದವರು ಹೋದಷ್ಟೇ ಬೇಗ ತಿರುಗಿ ಬಂದರು. “ಬಚ್ಚಲದ ಬಾಗಿಲಾ ಎಲ್ಲಿ?”

ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಗಂಡನ ಅಂಗಡಿಯ ಸ್ಕ್ರೂಡ್ರೈವರ್ ಶಾಹೇದಾಳ ಮೇಜಿನ ಮೇಲಿತ್ತು, ಸ್ಕ್ರೂಗಳನ್ನು ಒಂದು ಕಾಗದದಲ್ಲಿ ಕಟ್ಟಿಟ್ಟಿದ್ದಳು. ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದಳು: “ನಾನೇ ತಗದೀನ್ರಿ ಸರ್. ಎಲ್ಲಾ ಆಫೀಸಿನ್ಯಾಗೂ ಇರ್ತದ. ಅದರಿಂದ ಹೊಸಾದೇನೂ ತಿಳಿಯಂಗಿಲ್ಲ.”

“ಮತ್ತ ನಾ ಹ್ಯಾಂಗ...” ಎಂದು ಸರ್ ಮಾತು ಅರ್ಧಕ್ಕೆ ನಿಲ್ಲಿಸಿದರು.

“ಅಕ್ಕ ಹಿಡೀತಾರ್ರಿ ಸರ್. ಆಮ್ಯಾಲ ಅಕ್ಕನ ಪಾಳಿ ಬಂದಾಗ ನೀವು ಹಿಡೀರಿ. ಭಾಳ ಸ್ನೇಹ ಬೆಳೀತದ.”

ನಾನು ಏನೋ ಕೆಳಗೆ ಬಿದ್ದಿದೆ ಎಂಬಂತೆ ಮೇಜಿನ ಕೆಳಗೆ ಬಗ್ಗಿದೆ. ನಗು ತಡೆಯಲು ಬೇರೆ ದಾರಿ ಇರಲಿಲ್ಲ. ಕೆಲಸ ಹೋಯಿತು, ಇಬ್ಬರದೂ ಹೋಯಿತು ಎಂದೂ ಅದೇ ಹೊತ್ತಿಗೆ ಅನ್ನಿಸಿತು. ಸರ್ ಮೆಟ್ಟಿಲಿಳಿದು, ಹೆದ್ದಾರಿ ದಾಟಿ, ಎದುರಿನ ಹೋಟೆಲಿಗೆ ಹೋದರು. ಅಲ್ಲಿ ಸುಮ್ಮನೆ ಬಚ್ಚಲಿಗೆ ಬಿಡುವುದಿಲ್ಲ, ಇಡ್ಲಿ ತಿನ್ನಬೇಕಾಯಿತು. ತಿರುಗಿ ಬಂದವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. “ಆ ಹಾಳಿ ತಗೀರಿ ಮಹಾನಂದಾಬಾಯಿ. ಓದೂಣು.”

ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಬಸ್ಸಿಗೆ ಸರ್ ಹಾಳೆಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ನಮ್ಮಿಬ್ಬರ ಜೊತೆ ಬಸವಕಲ್ಯಾಣಕ್ಕೆ ಬಂದರು. ಕಾರ್ಯದರ್ಶಿ ಗುರುಪಾದಪ್ಪನವರು ಬಟ್ಟೆ ವ್ಯಾಪಾರಿಗಳು, ವಯಸ್ಸಾದವರು. ಅವರ ಗಾದಿಯ ಮೇಲೆ ಸ್ನೇಹ ಭವನದ ನಕ್ಷೆ ಹರಡಿತ್ತು. ಸರ್ ಅದರ ಮೇಲೆಯೇ ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ಓದಿ ಕನ್ನಡದಲ್ಲಿ ಹೇಳತೊಡಗಿದರು. ಬಾಗಿಲು, ಬಾಗಿಲು, ಮತ್ತೆ ಬಾಗಿಲು.

ನಾಲ್ಕೈದು ಆದ ಮೇಲೆ ಗುರುಪಾದಪ್ಪನವರು, “ತಿಳೀತ್ರಿ ರಾವ್‌ಸಾಹೇಬ್ರ. ಎಲ್ಲಾದರಾಗೂ ಅದೇ ಅದಲ್ಲ, ಸಾಕು” ಎಂದರು.

“ಎಲ್ಲಾದರಾಗೂ ಅದೇ ಅದ ಅಂತ್ಲೇ ಓದಾಕತ್ತೇನ್ರಿ” ಎಂದರು ಸರ್. ಕಟ್ಟು ಮುಗಿಯುವವರೆಗೆ ನಿಲ್ಲಿಸಲಿಲ್ಲ. ನಡುವೆ ರುಖ್ಸಾರಳ ಹಾಳೆಯೂ ಬಂತು. ಶಾಹೇದಾ ಸೆರಗಿನಿಂದ ಮುಖ ಒರೆಸಿಕೊಂಡಳು.

ಗುರುಪಾದಪ್ಪನವರು ಹಾಳೆಗಳನ್ನು ತಾವೇ ಒಂದು ಸಲ ತಿರುವಿ ಹಾಕಿದರು. ಆಮೇಲೆ ಕೇಳಿದರು: “ಇವನ್ನ ಮೊದಲ ಯಾರೂ ಓದಿರಲಿಲ್ಲೇನ್ರಿ?”

“ಓದಬ್ಯಾಡ್ರಿ ಅಂತ ಹೇಳ್ದಾಂವ ನಾನೇ ರಿ” ಎಂದರು ವಿಠ್ಠಲರಾವ್ ಸರ್. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣ. ಗುರುಪಾದಪ್ಪನವರು ನಕ್ಷೆಯನ್ನು ಮಡಿಚಿ ಗಾದಿಯ ಕೆಳಗೆ ಹಾಕಿದರು.

ಹಬ್ಬಕ್ಕೆ ಮುಂಚೆಯೇ ಬಾಗಿಲುಗಳಾದವು. ನೀರಿಗೆ ಕೊಳೆಯದ ಬಾಗಿಲು, ಒಳಗಿನಿಂದ ಗಟ್ಟಿ ಚಿಲಕ. ರುಖ್ಸಾರಳ ಅಪ್ಪ ತಾನೇ ಹೋಗಿ ಚಿಲಕ ಎಳೆದು ನೋಡಿ ಬಂದ. ಅವಳು ಅಲ್ಲೇ ಉಳಿದು ಓದು ಮುಗಿಸಿದಳು. ನಮ್ಮ ಆಫೀಸಿನ ಬಾಗಿಲನ್ನು ಶಾಹೇದಾ ಆ ಸಂಜೆಯೇ ಕೂಡಿಸಿದ್ದಳು, ಮೊದಲಿಗಿಂತ ಗಟ್ಟಿಯಾಗಿ. ಪುಣೆಯ ಪದ್ಧತಿಯನ್ನು ಸರ್ ಬಿಡಲಿಲ್ಲ. ಆದರೆ ಯಂತ್ರ ಏನನ್ನು ಹೊರಗೆ ಹಾಕಿದೆ ಎಂದು ಒಬ್ಬರು ಕಣ್ಣಾಡಿಸದೆ ಯಾವ ವರದಿಗೂ ಸಹಿ ಹಾಕಲಿಲ್ಲ. ಹೊಸಬರೇ, ನೀವೂ ಅಷ್ಟು ಮಾಡಿ. ಉಳಿದದ್ದನ್ನು ಎಲ್ಲರೂ ನೋಡುತ್ತಾರೆ, ತೆಗೆದದ್ದನ್ನು ನೋಡುವವರು ನೀವೊಬ್ಬರೇ.

ಈಗಿನ ಯಂತ್ರಗಳಿಗೆ ‘ದಿ’, ‘ಆಫ್’ ಎಲ್ಲವೂ ಬೇಕಂತೆ, ಏನೂ ತೆಗೆಯಬೇಡಿ, ಇಡೀ ವಾಕ್ಯ ಕೊಡಿ ಎನ್ನುತ್ತವಂತೆ. ಮೊದಲೇ ಗೊತ್ತಿದ್ದರೆ ನಾವು ತೆಗೆದದ್ದನ್ನೆಲ್ಲ ಗೊಬ್ಬರದ ಚೀಲದಲ್ಲಿ ತುಂಬಿಡುತ್ತಿದ್ದೆ.

ಮರುವರ್ಷ ಅದೇ ಹಾಸ್ಟೆಲಿನ ಹಾಳೆಗಳು ಮತ್ತೆ ಬಂದವು. ಎಣಿಕೆಯಲ್ಲಿ ಮೇಲೆ ಬಂದದ್ದು ‘ಚಪಾತಿ’. ಹಪ್ಪಳದ ಹಾಗೆ ಗಟ್ಟಿಯಂತೆ. ‘ಫ್ರೆಂಡ್’ ಎಲ್ಲೋ ಕೆಳಗಿತ್ತು. ಶಾಹೇದಾ ನನ್ನ ಹಿಂದೆ ಬಂದು ನಿಂತು, “ಅಕ್ಕಾ, ಡೋರ್ ಅಂತ ಹೊಡದು ನೋಡ್ರಿ” ಎಂದಳು. ಹೊಡೆದೆ. ಇರಲಿಲ್ಲ. ಹೊರಗೆ ಹಾಕಿದ ಶಬ್ದಗಳನ್ನೂ ತೆರೆದು ನೋಡಿದೆವು, ಅಲ್ಲಿಯೂ ಇರಲಿಲ್ಲ. ನಂಬಿಕೆಯಾಗದೆ ಇಬ್ಬರೂ ಕುಳಿತು ಹಾಳೆಗಳನ್ನೆಲ್ಲ ಓದಿದೆವು. ಒಬ್ಬ ಹುಡುಗಿಯೂ ಬಾಗಿಲಿನ ಮಾತು ಎತ್ತಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾವು ಒಂದು ಶಬ್ದವನ್ನು ಸರಿಯಾಗಿ ತೆಗೆದದ್ದು ಅದೊಂದೇ ಸಲ.